ಮಿರ್ಚಿ ಅಂಗಡಿ, ಅಧ್ಯಕ್ಷರ ಖುರ್ಚಿ

"ಅಕ್ಕಾ, ಸಂತಿಗೆ ಹೋಗೂ ಹಾದಿ ಯಾವುದು?" ಊರೂರು ಅಲೆದು ಪಾತ್ರೆ ಮಾರುವ ಗಿರಿಯವ್ವ ದಾರಿ ತಪ್ಪಿದ್ದಳು. ಮಿರ್ಚಿ ಕರಿಯುತ್ತಿದ್ದ ಸಾವಂತ್ರೆವ್ವ ಒಲೆ ಬಿಟ್ಟು ಎದ್ದು ಬಂದು ತೋರಿಸಿದಳು.

ಅಷ್ಟರಲ್ಲಿ ಪಂಚಾಯ್ತಿ ಅಧ್ಯಕ್ಷರು ಬಂದು ಗುಡುಗಿದರು. "ಸಾವಂತ್ರೆವ್ವಾ, ನಿನ್ನ ಅಂಗಡಿ ಬಂದ ಮ್ಯಾಲೆ ನನ್ನ ಕೂದ್ಲೆಲ್ಲಾ ಉದುರ್ಯಾವ. ಇವತ್ತ ಅಂಗಡಿ ಕೀಳು!"

ಸಾವಂತ್ರೆವ್ವ ಕೈಮುಗಿದಳು.

"ಖರೇ ಐತ್ರಿ," ಎಂದಳು ಗಿರಿಯವ್ವ. "ನೀವು ಅಧ್ಯಕ್ಷರಾಗಿದ್ದು ಯಾವಾಗ್ರಿ?"

"ಹೋದ ವರ್ಷ!" ಅಧ್ಯಕ್ಷರು ಮೀಸೆ ತಿರುವಿದರು.

"ಅಂಗಡಿ ಯಾವಾಗ ಬಂತಕ್ಕಾ?"

"ಅದರ ಹಿಂದಿನ ವರ್ಷ," ಎಂದಳು ಸಾವಂತ್ರೆವ್ವ.

"ಹಂಗಾರ ಖುರ್ಚಿನೂ ಅಂಗಡಿ ಬಂದ ಮ್ಯಾಲೆ ಬಂದೈತಿ. ಅಂಗಡಿ ಕಿತ್ತು ನೋಡ್ರಿ ಸಾಹೇಬ್ರ. ಕೂದ್ಲಾ ಬರ್ತಾವ, ಖುರ್ಚಿ ಹೋಗ್ತೈತಿ!"

ಅಧ್ಯಕ್ಷರು ಬೋಳುತಲೆ ಸವರಿಕೊಂಡರು. ಅಂಗಡಿ ಚಪ್ಪರದ ವಾಲಿದ್ದ ಗೂಟವನ್ನು ತಾವೇ ನೆಟ್ಟಗೆ ನಿಲ್ಲಿಸಿ, ಬಂದ ಹಾದಿ ಹಿಡಿದರು.

"ನೀ ನನಗ ಹಾದಿ ತೋರಿಸ್ದಿ, ನಾ ಅವರಿಗೆ ತೋರಿಸ್ದೆ. ಋಣ ತೀರಿತಕ್ಕಾ," ಎಂದು ಗಿರಿಯವ್ವ ಬುಟ್ಟಿ ಹೊತ್ತು ಸಂತೆಯತ್ತ ನಡೆದಳು.