ನೊರೆಗೆ ಬಿದ್ದ ಎಣ್ಣೆ

“ಗುರುಗಳೇ, ಟರ್ಬುಲೆನ್ಸ್ ಅಂದರೆ ಏನು?” ಎಂದು ಮರಿದೇವ ಕೇಳಿದ.

ಮರುದಿನ ಅವನಿಗೆ ದೀಕ್ಷೆ ಆಗುವುದಿತ್ತು. ಅಣ್ಣನ ಮೇಲಿನ ಸಿಟ್ಟಿಗೆ ಮನೆ ಬಿಟ್ಟು ಮಠಕ್ಕೆ ಬಂದವನು ತಾನು, ಇದು ವೈರಾಗ್ಯವೇ ಎಂಬ ಸಂಶಯ ಹೊಕ್ಕು, ಅವನು ಕೂತಲ್ಲಿ ಕೂರಲಾರದೆ ನಿಂತಲ್ಲಿ ನಿಲ್ಲಲಾರದೆ ಇದ್ದ. ಇಂಗ್ಲಿಷ್ ಪುಸ್ತಕವೊಂದರಲ್ಲಿ ಆ ಪದ ಕಣ್ಣಿಗೆ ಬಿದ್ದಿತ್ತು. ನಿಘಂಟಿನಲ್ಲಿ ‘ಕ್ಷೋಭೆ, ಅಲ್ಲೋಲಕಲ್ಲೋಲ’ ಎಂದಿತ್ತು. ವಿಮಾನ ಮೋಡದಲ್ಲಿ ಕುಲುಕಿದರೂ ಅದೇ ಪದ, ಹೊಳೆ ಸುಳಿ ತಿರುಗಿದರೂ ಅದೇ, ನಾಡಿನಲ್ಲಿ ಗಲಭೆ ಎದ್ದರೂ ಅದೇ.

“ಅರ್ಥ ನೋಡಿದ್ದೀಯಲ್ಲ, ಇನ್ನೇನು?” ಎಂದರು ಗುರುಗಳು.

“ಮನಸ್ಸಿಗೂ ಅದನ್ನು ಬಳಸಬಹುದೇ? ಬಳಸಬಹುದಾದರೆ, ಅದನ್ನು ಅಡಗಿಸುವ ಮಂತ್ರವೊಂದನ್ನು ಈಗಲೇ ಕೊಡಿ. ನಾಳೆ ನಾನು ಶಾಂತನಾಗಿ ಕೂರಬೇಕು.”

ಗುರುಗಳು ಕತೆ ಹೇಳಿದರು.

ಒಬ್ಬ ಬೆಲ್ಲ ಕಾಯಿಸುವವನಿದ್ದ. ಅವನ ಅಪ್ಪ ಆ ಕೆಲಸದಲ್ಲಿ ಹೆಸರುವಾಸಿ. ಊರಿನ ಕಬ್ಬೆಲ್ಲ ಅವರ ಆಲೆಮನೆಗೇ ಬರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಮಗ ಮೊದಲ ಸಲ ಕೊಪ್ಪರಿಗೆಯ ಮುಂದೆ ನಿಂತ. ಕಬ್ಬು ಅಲ್ಲೇ ಕೂತಿದ್ದ ಒಬ್ಬ ರೈತನದು. ಈ ಪಾಕ ಕೆಟ್ಟರೆ ಊರಿನ ಕಬ್ಬೆಲ್ಲ ಪಕ್ಕದೂರಿನ ಆಲೆಮನೆಯ ಪಾಲು ಎಂದು ಇಬ್ಬರಿಗೂ ಗೊತ್ತಿತ್ತು.

ಆಲೆಮನೆಯಲ್ಲಿ ಒಂದು ಕ್ರಮವಿದೆ. ಕುದಿಯುವ ಕಬ್ಬಿನ ಹಾಲಿಗೆ ಬೆಂಡೆಗಿಡದ ಲೋಳೆ ಹಾಕುತ್ತಾರೆ. ಹಾಲು ಉಕ್ಕಿ, ಒಳಗಿನ ಕೊಳೆಯನ್ನು ನೊರೆಯ ಜೊತೆ ಮೇಲಕ್ಕೆ ತರುತ್ತದೆ. ಅದನ್ನು ಜಾಲರಿಯಲ್ಲಿ ಪೂರ್ತಿ ತೆಗೆದ ಮೇಲೆಯೇ ನೊರೆ ಇಳಿಸಲು ಚೂರು ಹರಳೆಣ್ಣೆ ಬಿಡುತ್ತಾರೆ. ಅಪ್ಪನ ಪಕ್ಕದಲ್ಲೇ ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಹಾಲು ಕೊತಕೊತ ಕುದಿಯತೊಡಗಿತು. ಕಂದು ನೊರೆ ಅಂಚಿನವರೆಗೆ ಎದ್ದಿತು. ಎಲ್ಲಿ ಉಕ್ಕಿ ಒಲೆಗೆ ಬಿದ್ದೀತೋ, ರೈತ ಏನಂದುಕೊಂಡಾನೋ, ಅಪ್ಪನ ಹೆಸರು ಇವತ್ತೇ ಮಣ್ಣುಪಾಲಾದೀತೋ ಎಂದು ಅವನು ಒದ್ದಾಡಿದ. ಜಾಲರಿ ಬಿಸಾಕಿ ಎಣ್ಣೆಯ ಗಿಂಡಿ ಎತ್ತಿದ. ಎಣ್ಣೆ ಬಿದ್ದೊಡನೆ ನೊರೆ ಕುಸಿಯಿತು. ಕೊಪ್ಪರಿಗೆ ಸುಮ್ಮನಾಯಿತು. ಅಬ್ಬಾ ಎಂದು ಅವನು ಉಸಿರು ಬಿಟ್ಟ.

ರೈತ ಎದ್ದು ಬಂದು ಬಗ್ಗಿ ನೋಡಿದ. “ಕೊಳೆ ಇನ್ನೂ ತೆಗ್ದೇ ಇಲ್ವಲ್ಲೋ ಮಾರಾಯ! ಎಣ್ಣೆ ಯಾಕ್ ಹುಯ್ದೆ?”

“ಅದು ಹಂಗೆ ಉಕ್ಕೋದು ನೋಡಿ ಜೀವ ತಡೀಲಿಲ್ಲ, ಯಜಮಾನ್ರೆ.”

ಮೇಲೆ ಬಂದಿದ್ದ ಕೊಳೆಯೆಲ್ಲ ಮತ್ತೆ ಪಾಕದಲ್ಲಿ ಬೆರೆತುಹೋಗಿತ್ತು. ಅಚ್ಚಿನಿಂದ ತೆಗೆದ ಬೆಲ್ಲ ಕಪ್ಪಗಿತ್ತು. ರೈತ ಚೂರು ಬಾಯಿಗೆ ಹಾಕಿಕೊಂಡು ಉಗಿದ. ಉಳಿದ ಕಬ್ಬಿನ ಗಾಡಿಯನ್ನು ಪಕ್ಕದೂರಿನ ದಾರಿಗೆ ತಿರುಗಿಸಿದ.

ಕತೆ ಮುಗಿಯಿತು. ಮರಿದೇವನಿಗೆ ಆ ಬೆಲ್ಲದವನನ್ನು ನೆನೆದು ಕನಿಕರವಾಯಿತು, ಸಿಟ್ಟೂ ಬಂತು.

“ಎಂಥ ಪುಕ್ಕಲ! ಕೊಳೆ ಮೇಲೆ ಬರುತ್ತಿತ್ತು, ಇನ್ನೊಂದು ಗಳಿಗೆ ತಡೆದುಕೊಂಡಿದ್ದರೆ ಆಗುತ್ತಿತ್ತಲ್ಲ?” ಎಂದ.

ಗುರುಗಳು ಅವನನ್ನೇ ನೋಡಿದರು. “ಹಾಗಾದರೆ ಈಗಲೇ ಎಣ್ಣೆ ಕೊಡಿ ಎಂದು ನನ್ನ ಹತ್ತಿರ ಯಾಕೆ ಬಂದೆ, ಮರಿದೇವ?”