ಕಪ್ಪಾದ ಎಣ್ಣೆ, ತಪ್ಪಿದ ಹಾರ್ನ್

ಬ್ಯಾಡಗಿಯ ಫಕ್ಕೀರಪ್ಪನಿಗೆ ಇದ್ದದ್ದು ಒಂದೇ ಲಾರಿ. ಮೆಣಸಿನಕಾಯಿ ಸುಗ್ಗಿಯ ಮೂರು ತಿಂಗಳು ಅದು ನಿಲ್ಲದೆ ಓಡಿದರೆ ವರ್ಷವಿಡೀ ಮನೆಯ ಒಲೆ ಉರಿಯುತ್ತಿತ್ತು. ಹೆಂಡತಿ ಕೆಮ್ಮಿದರೆ ಕೇಳಿಸದ ಅವನ ಕಿವಿಗೆ ಲಾರಿ ಕೆಮ್ಮಿದರೆ ಥಟ್ಟನೆ ಕೇಳಿಸುತ್ತಿತ್ತು.

ದಿನಾ ಬೆಳಿಗ್ಗೆ ಲಾರಿಗೆ ಊದಿನಕಡ್ಡಿ ಬೆಳಗಿ, ಎಂಜಿನ್ನಿನ ಅಳತೆಕಡ್ಡಿ ಎಳೆದು, ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡುವುದು ಅವನ ಪದ್ಧತಿ. ರಿಪೇರಿಯೆಲ್ಲ ಇಮಾಮಸಾಬ ಮಿಸ್ತ್ರಿಯದು. ಇಪ್ಪತ್ತು ವರ್ಷದ ಸ್ನೇಹ. ಗ್ಯಾರೇಜಿನ ಮುಂದೆ ಹಾಯುವಾಗ ಫಕ್ಕೀರಪ್ಪ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ, ಮಿಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರ್ ಎತ್ತಿ ತೋರಿಸುತ್ತಿದ್ದ.

ಆ ವರ್ಷ ಸುಗ್ಗಿಗೆ ಮುಂಚೆ ಮಿಸ್ತ್ರಿ ಹೊಸ ಆಯಿಲ್ ಹಾಕಿದ. ಎಂಟೇ ದಿನಕ್ಕೆ ಅದು ಕಾಡಿಗೆಯಂತೆ ಕಪ್ಪಾಯಿತು. ಹಳೇ ಆಯಿಲನ್ನೇ ಸೋಸಿ ಹಾಕಿದ್ದಾನೆ ಎಂದುಕೊಂಡ ಫಕ್ಕೀರಪ್ಪ. ಹೋಗಿ ಕೇಳಬಹುದಿತ್ತಲ್ಲ? ಕೇಳಲಿಲ್ಲ. ಒಳಗೊಳಗೇ ಕುದಿಯುತ್ತ ಆ ಆಯಿಲ್ ಇಳಿಸಿ, ಪೇಟೆಯಿಂದ ಬಿಡಿ ಆಯಿಲ್ ತಂದು ತಾನೇ ಸುರಿದ. ಗ್ಯಾರೇಜಿನ ಮುಂದೆ ಹಾರ್ನ್ ನಿಂತುಹೋಯಿತು.

ಬಿಡಿ ಆಯಿಲ್ ತಿಂಗಳಾದರೂ ಬೆಳಿಗ್ಗೆ ನೋಡಿದರೆ ಬೆಲ್ಲದ ಪಾಕದ ಬಣ್ಣವೇ ಇತ್ತು. "ನೋಡ್ರಿ, ಆಯಿಲ್ ಅಂದ್ರ ಇದು!" ಎಂದು ಚೀಲ ಹೊರುವ ಹಮಾಲರಿಗೆಲ್ಲ ಬೆರಳು ತೋರಿಸಿದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಸುಗ್ಗಿ ಅರ್ಧಕ್ಕೆ ಬಂದಿತ್ತು. ಚೀಲ ಹೇರಿಕೊಂಡು ಹೊರಟ ಲಾರಿಯ ಎಂಜಿನ್ ಕಟಕಟ ಬಡಿಯಿತು, ಆಯಿಲಿನ ಕೆಂಪು ದೀಪ ಹತ್ತಿತು. ಲಾರಿ ನಿಂತದ್ದು ಇಮಾಮಸಾಬನ ಗ್ಯಾರೇಜಿನ ಕೂಗಳತೆಯಲ್ಲಿ. ಫಕ್ಕೀರಪ್ಪನಿಗೆ ಅಳುವೇ ಬಂತು.

ಮಿಸ್ತ್ರಿ ತಾನಾಗಿಯೇ ಬಂದ. ಏನೂ ಕೇಳದೆ ಎಂಜಿನ್ನಿನ ತಳ ಬಿಚ್ಚಿದ. ಅಲ್ಲಿ ಕರೀ ಹಿಂಡಿಯಂಥ ಕೆಸರು ಕೂತಿತ್ತು. ಫಿಲ್ಟರ್ ಕಟ್ಟಿಕೊಂಡು, ಎಣ್ಣೆ ಹೋಗದೆ ಬೇರಿಂಗುಗಳು ಸವೆದುಹೋಗಿದ್ದವು.

"ಮ್ಯಾಲ ಚೊಕ್ಕ ಇತ್ತಲ್ಲೋ!" ಎಂದ ಫಕ್ಕೀರಪ್ಪ.

ಮಿಸ್ತ್ರಿ ಎರಡು ಗ್ಲಾಸಿನಲ್ಲಿ ನೀರು ತಂದ. ಎರಡಕ್ಕೂ ಸೈಲೆನ್ಸರಿನ ಮಸಿ ಹಾಕಿದ. ಒಂದಕ್ಕೆ ಮಾತ್ರ ಚೂರು ಸೋಪಿನ ನೀರು ಬೆರೆಸಿ ಎರಡನ್ನೂ ಕದಡಿದ. ಬರೀ ನೀರಿನಲ್ಲಿ ಮಸಿ ಗಂಟುಗಂಟಾಗಿ ಉಳಿಯಿತು. ಸೋಪಿನ ನೀರು ಪೂರ್ತಿ ಕಪ್ಪಾಯಿತು, ಗಂಟು ಒಂದೂ ಇರಲಿಲ್ಲ.

"ಡೀಸೆಲ್ ಉರದ್ರ ಮಸಿ ಆಗೇ ಆಗ್ತೈತಿ," ಎಂದ ಮಿಸ್ತ್ರಿ. "ಸುಮ್ನ ಬಿಟ್ರ ಕಣಕ್ಕ ಕಣ ಅಂಟಿ, ಗಂಟಾಗಿ ತಳಾ ಹಿಡೀತೈತಿ. ಮುಂಜಾನೆ ನಿಂತ ಲಾರ್ಯಾಗ ನೋಡಿದ್ರ ಮ್ಯಾಲ ಚೊಕ್ಕನ ಕಾಣ್ತೈತಿ. ಚಲೋ ಆಯಿಲ್‌ನ್ಯಾಗ ಈ ಸೋಪಿನಂಗ ಒಂದು ಮದ್ದು ಕೂಡಿಸಿರ್ತಾರ, ಬಿಡಿ ಆಯಿಲ್‌ನ್ಯಾಗ ಅದು ಇರಂಗಿಲ್ಲ. ಆ ಮದ್ದು ಒಂದೊಂದು ಕಣಾನೂ ಸುತ್ತುವರದು ಬ್ಯಾರೆ ಬ್ಯಾರೆ ಇಡ್ತೈತಿ. ಆಯಿಲ್ ಕರ್ರಗ ಆಗ್ತೈತಿ ಖರೆ. ಆದ್ರ ಹೊತ್ತಿಗೆ ಸರಿಯಾಗಿ ಬದಲಿಸಿದ್ರ ಹೊಲಸೆಲ್ಲಾ ಅದರ ಕೂಡನ ಹೊರಗ ಹೋಗ್ತೈತಿ."

ಫಕ್ಕೀರಪ್ಪ ತಲೆ ತಗ್ಗಿಸಿದ. "ನಿನ್ನ ಮ್ಯಾಲ ಸಂಶಯ ಪಟ್ಟಿದ್ನೋ."

"ಹಾರ್ನ್ ನಿಂತ ದಿನಾನ ಗೊತ್ತಾತು. ನೀ ಬಂದು ಬೈದಿದ್ರ ಅವತ್ತ ಈ ಗ್ಲಾಸ್ ತೋರಿಸ್ತಿದ್ದೆ. ನಾನರ ಬಂದು ಕೇಳಬೇಕಿತ್ತು, ಕೇಳಲಿಲ್ಲ."

ಬೇರಿಂಗ್ ಬದಲಿಸಿ ಲಾರಿ ಎದ್ದೇಳಲು ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನದ ಬಾಡಿಗೆ ಬೇರೆ ಲಾರಿಗಳ ಪಾಲಾಯಿತು, ಮತ್ತೆ ಸಿಗಲಿಲ್ಲ. ಮಿಸ್ತ್ರಿ ಹಾಕಿದ ಹೊಸ ಆಯಿಲಿನಲ್ಲಿ ಲಾರಿ ಮತ್ತೆ ಓಡತೊಡಗಿದ ಎಂಟನೆಯ ದಿನ ಫಕ್ಕೀರಪ್ಪ ಅಳತೆಕಡ್ಡಿ ಎಳೆದ. ಬೆರಳು ಕಪ್ಪಾಯಿತು. ಅದನ್ನು ಹಾಗೇ ಪ್ಯಾಂಟಿಗೆ ಒರೆಸಿಕೊಂಡು ಹೊರಟವನು ಗ್ಯಾರೇಜಿನ ಮುಂದೆ ಎರಡು ಸಲ ಹಾರ್ನ್ ಹೊಡೆದ. ಒಳಗಿನಿಂದ ಸ್ಪ್ಯಾನರ್ ಮೇಲೆದ್ದಿತು.

ನೀತಿ: ನಮ್ಮ ಹೊಲಸನ್ನು ಹೊತ್ತು ಕಪ್ಪಾದವರನ್ನು ಕೆಟ್ಟವರೆನ್ನಬೇಡಿ. ಮನಸ್ಸಿನಲ್ಲಿ ಮಸಿ ಹುಟ್ಟುವುದು ಸಹಜ. ಅದು ಗಂಟಾಗಿ ತಳ ಹಿಡಿಯುವ ಮೊದಲೇ ಬಾಯಿಬಿಟ್ಟು ಕೇಳಿ, ಹೊರಹಾಕಿ.