ತಂಬಿಗೆ ತುಳುಕದ ಗಾಡಿ

ಬಹಳ ಹಿಂದೆ, ಹೊಳೆಗೂ ಗುಡ್ಡಕ್ಕೂ ನಡುವೆ ಗುಡ್ಡದಕೊಪ್ಪ ಅಂತ ಒಂದು ಊರು. ಆ ಊರಲ್ಲಿ ಕಮ್ಮಾರರ ರಾಚೋಟಿ ಅಂತ ಒಬ್ಬ ಮೇಸ್ತ್ರಿ ಇದ್ದನಂತೆ. ಕೆಟ್ಟುನಿಂತ ಎಂಜಿನ್ನಿನ ಮೇಲೆ ಅಂಗೈ ಇಟ್ಟರೆ ಸಾಕು, ಎಲ್ಲಿ ನೋವು ಅಂತ ಅದೇ ಹೇಳುತ್ತಿತ್ತಂತೆ.

ಊರಿನ ಇನಾಮದಾರರ ದೊಡ್ಡ ಮನೆ, ವಾಡೆಯಲ್ಲಿ ಅಮೇರಿಕಾದ ಒಂದು ಕಾರು ಇತ್ತು. ಅದೆಷ್ಟು ಉದ್ದ ಅಂದರೆ, ಮೂತಿ ಊರಬಾಗಿಲ ಅಗಸಿ ದಾಟಿದ ಮೇಲೂ ಬಾಲ ಚಾವಡಿ ಮುಂದೆಯೇ ಇರುತ್ತಿತ್ತಂತೆ. ಹಿಂದೆ ಮೀನಿಗಿರುವಂಥ ಎರಡು ರೆಕ್ಕೆ. ತೀರಿಹೋದ ಇನಾಮದಾರರು ಅದನ್ನು ತರಿಸಿದ್ದು ಹೆಂಡತಿಗಲ್ಲ, ಹಾಡುವ ತುಳಸಾಬಾಯಿಗೆ. ಕಿಟಕಿಗೆ ಪರದೆ ಕಟ್ಟಿ, ಅವಳನ್ನು ಕೂರಿಸಿಕೊಂಡು ಹಾಡಹಗಲೇ ಊರು ಸುತ್ತುತ್ತಿದ್ದರಂತೆ. ಪರದೆ ಯಾಕೆ ಕಟ್ಟಿದ್ದರೋ, ಒಳಗೆ ಯಾರಿದ್ದಾರೆ ಅಂತ ಗೊತ್ತಿಲ್ಲದವರು ಊರಲ್ಲಿ ಒಬ್ಬರೂ ಇರಲಿಲ್ಲ.

ಇನಾಮದಾರರು ಕಣ್ಣು ಮುಚ್ಚಿದ್ದೇ ತಡ, ತುಳಸಾಬಾಯಿ ಹೊಳೆಯಾಚೆಯ ತನ್ನ ಊರು ಸೇರಿದಳು. ಹೆಂಡತಿ ಬಾಯಿಸಾಹೇಬರು ಕಾರನ್ನು ಕೊಟ್ಟಿಗೆಗೆ ತಳ್ಳಿಸಿ ಬೀಗ ಜಡಿದರು. ಅದರಲ್ಲಿ ಅವರು ಒಮ್ಮೆಯೂ ಕೂರಲಿಲ್ಲ. ಆದರೂ ಗಂಡನ ಗಾಡಿ, ಬಿಡುವ ಹಾಗಿಲ್ಲ. ವರ್ಷವರ್ಷ ಆಯುಧಪೂಜೆಗೆ ಬೀಗ ತೆಗೆಸಿ ಕಾಯಿ ಒಡೆಯುತ್ತಿದ್ದರು. ಎಲ್ಲರೂ ನೆಲಕ್ಕೆ ಒಡೆದರೆ ಇವರು ಗಾಡಿಯ ಮೂತಿಗೇ ಕುಕ್ಕುತ್ತಿದ್ದರಂತೆ! ಭಕ್ತಿಯೋ ಸಿಟ್ಟೋ ಆ ಶಿವನಿಗೇ ಗೊತ್ತು. ಮೂತಿ ಮಾತ್ರ ತಗ್ಗು ಬಿದ್ದು ತುಕ್ಕು ಹಿಡಿಯಿತು.

ಹೀಗಿರುವಾಗ ಬಾಯಿಸಾಹೇಬರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಇನ್ನೊಂದು ಸಲ ಕುಲುಕಿದರೆ ಜೀವ ಉಳಿಯುವುದಿಲ್ಲ ಅಂದರಂತೆ ಡಾಕ್ಟರು. ಅದೇ ಹೊತ್ತಿಗೆ ತುಳಸಾಬಾಯಿ ಹಾಸಿಗೆ ಹಿಡಿದಿದ್ದಾಳೆ, ನೋಡುವವರಿಲ್ಲ ಅಂತ ಹೊಳೆಯಾಚೆಯಿಂದ ಸುದ್ದಿ ಬಂತು. ಬಾಯಿಸಾಹೇಬರು ರಾಚೋಟಿಯನ್ನು ಕರೆಸಿದರು.

"ಏನೋ, ಆ ಗಾಡಿ ಎಬ್ಬಸ್ತೀಯೇನ?"

"ಎಬ್ಬಸ್ತೀನ್ರಿ. ಎಲ್ಲಿಗೆ ಹೋಗೋದೈತ್ರಿ?"

"ಹೊಳಿ ಆಚೆ. ಯಾಕಂತ ಕೇಳಬ್ಯಾಡ. ಮತ್ತ, ಅಕಿ ಕುಂತಿದ್ದ ಗಾದಿ ಕಿತ್ತು ಸುಟ್ಟಹಾಕು."

ಊರಿಗೆ ಊರೇ ಬಾಯಿ ಚಪ್ಪರಿಸಿತು. ಸಾಯುವವಳ ಮುಖಕ್ಕೆ ಉಗುಳಲು ಹೊರಟಿದ್ದಾರೆ ಅಂದರು ಕೆಲವರು. ಅಲ್ಲ, ಗಂಡ ಕೊಟ್ಟ ವಜ್ರದ ಮೂಗುತಿ ಕಿತ್ತು ತರಲಿಕ್ಕೆ ಅಂದರು ಇನ್ನು ಕೆಲವರು. ರಾಚೋಟಿಗೆ ಬೇರೆಯೇ ದಿಗಿಲು. ಹೊಳೆಯ ದಾರಿ ಬರೀ ಕಲ್ಲು, ಆ ತಾಯಿಯ ಜೀವ ತನ್ನ ಕೈಯಲ್ಲಿ.

ಪುಣೆಯ ಗುಜರಿಯಿಂದ ಹೊಸ ನಮೂನೆಯ ಎಂಜಿನ್ನು ತಂದು ಕೂರಿಸಿದ. ಹಳೆಯದು ಕೆಮ್ಮುತ್ತಿತ್ತು, ಹೊಸದರ ಉಸಿರೂ ಕೇಳಿಸುತ್ತಿರಲಿಲ್ಲವಂತೆ. ಒಂದೇ ಬೆರಳಿಗೆ ತಿರುಗುವ ಸ್ಟೇರಿಂಗು, ಮುಟ್ಟಿದರೆ ನಿಲ್ಲುವ ಬ್ರೇಕು, ಬೇಸಿಗೆಯಲ್ಲೂ ಚಳಿ ಹುಟ್ಟಿಸುವ ಏಸಿ. ಮೈ ಮಾತ್ರ ಅದೇ ಹಳೆಯ ಮೀನಿನ ಮೈ.

ಆದರೆ ಕುಲುಕಾಟ ಹೋಗಲಿಲ್ಲ. ಕಮ್ಮಾರನ ಬುದ್ಧಿ ನೋಡಿ, ಗಟ್ಟಿ ಇದ್ದರೆ ಒಳ್ಳೆಯದು ಅಂತ ಲಾರಿಯ ಸ್ಪ್ರಿಂಗಿನ ಪಟ್ಟಿ ಹಾಕಿದ. ಹಿಂದಿನ ಸೀಟಿನಲ್ಲಿ ಕಂಠಮಟ ನೀರು ತುಂಬಿದ ತಂಬಿಗೆ ಇಟ್ಟು ಓಡಿಸಿದರೆ ತಂಬಿಗೆ ಹಾರಿ ಬಿತ್ತು. ಪಟ್ಟಿ ಮೆತ್ತಗೆ ಮಾಡಿದ, ಗಾಡಿ ತೊಟ್ಟಿಲ ಹಾಗೆ ತೂಗಿ ನೀರೆಲ್ಲ ಚೆಲ್ಲಿತು. ಅವನಿಗೆ ಊಟವಿಲ್ಲ, ನಿದ್ದೆಯಿಲ್ಲ.

"ಆ ಗಾಡಿಗೇ ತಾಳಿ ಕಟ್ರಿ, ನಾ ತವರಿಗೆ ಹೋಗ್ತೀನಿ" ಅಂತ ಹೆಂಡತಿ ನೀಲವ್ವ ಕೊಡ ಎತ್ತಿಕೊಂಡು ಬಾವಿಗೆ ನಡೆದಳು. ತುಂಬಿದ ಕೊಡ ತಲೆ ಮೇಲಿಟ್ಟು ಬರುವಾಗಲೂ ಬಯ್ಯುತ್ತಲೇ ಇದ್ದಳು. ಕಲ್ಲು ತುಳಿದರೆ ಒಂದು ಕಾಲು ಮೇಲೆ, ತಗ್ಗಿಗೆ ಇನ್ನೊಂದು ಕಾಲು ಕೆಳಗೆ, ಸೊಂಟ ಬಳುಕುತ್ತಿದೆ, ಕೊಡ ಮಾತ್ರ ಅಲುಗುತ್ತಿಲ್ಲ. ರಾಚೋಟಿ ಬಾಯಿ ಬಿಟ್ಟು ನೋಡಿದನಂತೆ. ಈ ಮುದುಕನಿಗೆ ಹೆಂಡತಿಯ ನಡಿಗೆ ಈಗ ಕಂಡಿತೇ ಅಂತ ಓಣಿಯೆಲ್ಲ ನಕ್ಕಿತು. ಅವನು ಓಡಿಹೋಗಿ ಚಕ್ರಗಳನ್ನು ಜೋಡಿಸಿದ್ದ ಅಚ್ಚು ಕತ್ತರಿಸಿದ. ನಾಲ್ಕು ಚಕ್ರಕ್ಕೂ ಬೇರೆಬೇರೆ ತೋಳು, ಬೇರೆಬೇರೆ ಸ್ಪ್ರಿಂಗು ಕೊಟ್ಟ. ಒಂದು ಚಕ್ರ ಎದ್ದರೆ ಇನ್ನೊಂದಕ್ಕೆ ಗೊತ್ತೇ ಆಗಬಾರದು, ಹಾಗೆ. ಮರುದಿನ ದಾರಿಯ ಕಲ್ಲು ಅಲುಗಿದವಂತೆ, ತಂಬಿಗೆ ಅಲುಗಲಿಲ್ಲವಂತೆ.

ಗಾದಿ ಒಂದು ಉಳಿದಿತ್ತು. ಕಿತ್ತು ಅಂಗಳಕ್ಕೆ ತಂದು ಸೀಮೆಎಣ್ಣೆಯನ್ನೂ ತಂದ. ಒಂದು ಮಗ್ಗುಲಲ್ಲಿ ತುಳಸಾಬಾಯಿ ಕೂತೂ ಕೂತೂ ಬಿದ್ದ ತಗ್ಗು. ಒಳಗೆ ಅವನು ಜನ್ಮದಲ್ಲಿ ನೋಡದಂಥ ಉಕ್ಕಿನ ಸುರುಳಿ. ಕಡ್ಡಿ ಗೀರಲು ಕೈ ಬರಲಿಲ್ಲ. ಮೇಲೆ ಹೊಸ ತೊಗಲು ಹೊಲಿದು ಅಲ್ಲೇ ಕೂರಿಸಿಬಿಟ್ಟ. ಗುಟ್ಟು ಹೇಳಿದ್ದು ನೀಲವ್ವನಿಗೊಬ್ಬಳಿಗೆ, ಅಂದರೆ ಇಡೀ ಊರಿಗೆ. ಬಾಯಿಸಾಹೇಬರ ಮುಂದೆ ಬಾಯಿ ಬಿಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಹೊರಡುವ ದಿನ ಅವರನ್ನು ಎತ್ತಿ ಕೂರಿಸಿದರು. ಪಕ್ಕದಲ್ಲಿ ತುಂಬಿದ ತಂಬಿಗೆ. ಸೇತುವೆ ದಾಟುವಾಗ ರಾಚೋಟಿ ಕನ್ನಡಿಯಲ್ಲಿ ನೋಡಿದ. ಬಾಯಿಸಾಹೇಬರ ಕೈ ಪಕ್ಕದ ತಗ್ಗಿನ ಮೇಲೆ ಮೆಲ್ಲಗೆ ಆಡುತ್ತಿತ್ತು. ಗುಟ್ಟು ಬಯಲಾಯಿತು ಅಂತ ಅವನು ಕಣ್ಣು ದಾರಿಗೆ ತಿರುಗಿಸಿದ. ಅವರು ಕೈ ತೆಗೆಯಲಿಲ್ಲ.

ಗಾಡಿಯ ಸದ್ದಿಲ್ಲದಿದ್ದರೂ ತುಳಸಾಬಾಯಿಗೆ ಅದು ಬಂದದ್ದು ಹೇಗೋ ತಿಳಿಯಿತಂತೆ. ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕಾರಿನ ಬಾಗಿಲು ತೆರೆದಿತ್ತು, ಬಾಯಿಸಾಹೇಬರು ಒಳಗಿಂದಲೇ ಕೈ ಮಾಡಿ ಕರೆದರು. ತುಳಸಾಬಾಯಿ ಬಾಗಿಲು ಹಿಡಿದು ನಿಂತಳು.

"ನಾ ಎಲ್ಲಿ ಕುಂಡ್ರಲಿ, ಅಕ್ಕಾಸಾಹೇಬ?"

"ನಿನ್ನ ಜಾಗಾ ನಿನಗ ಗೊತ್ತಿಲ್ಲೇನ? ತಗ್ಗು ಇನ್ನೂ ಹಂಗ ಐತಿ, ಬಾ" ಅಂದರು ಬಾಯಿಸಾಹೇಬರು. ಆಮೇಲೆ ಮುಂದಕ್ಕೆ ನೋಡಿ, "ರಾಚೋಟಿ, ನಿನ್ನ ಸೀಮಿಎಣ್ಣಿ ಉಳೀತಲ್ಲೋ" ಅಂದರು.

ಹಿಂದಿರುಗುವಾಗ ಇಬ್ಬರ ನಡುವೆ ತಂಬಿಗೆ. ಅಷ್ಟು ದಾರಿ, ಅಷ್ಟು ಕಲ್ಲು, ಆದರೂ ಒಂದೇ ಒಂದು ಗುಟುಕು ನೀರು ತುಳುಕಿತಂತೆ. ಅದೂ ದಾರಿಯಿಂದಲ್ಲ. ಸತ್ತ ಇನಾಮದಾರರ ಗೊರಕೆಯ ಮಾತು ಬಂದು ಇಬ್ಬರೂ ಬಿದ್ದುಬಿದ್ದು ನಕ್ಕಿದ್ದಕ್ಕಂತೆ. ಆ ವಾಡೆಯಲ್ಲಿ ಇಬ್ಬರೂ ಎಷ್ಟೋ ಕಾಲ ಬಾಳಿದರು, ದಿನಾ ಜಗಳಾಡಿದರು.

ಈಗಲೂ ಗುಡ್ಡದಕೊಪ್ಪದಲ್ಲಿ ಬಸುರಿಯನ್ನೋ ಬಾಣಂತಿಯನ್ನೋ ಕಾರಿನಲ್ಲಿ ಕಳಿಸುವಾಗ ರಾಚೋಟಿಯ ಹೆಸರು ಹೇಳಿ ಹಿಂದಿನ ಸೀಟಿನಲ್ಲಿ ತುಂಬಿದ ತಂಬಿಗೆ ಇಡುತ್ತಾರೆ. ದಾರಿಯಲ್ಲಿ ನೀರು ತುಳುಕಿದರೆ ಡ್ರೈವರನನ್ನು ಯಾರೂ ಬಯ್ಯುವುದಿಲ್ಲ. ಹಿಂದೆ ತಿರುಗಿ, "ಯಾರವ್ವಾ ನಕ್ಕವರು?" ಅಂತ ಕೇಳುತ್ತಾರೆ.